ಮೊಬೈಲ್ ಕಾಲದ ಮಕ್ಕಳು ಮತ್ತು ನಮ್ಮ ಪಾಠ

(ಸಂಘದ ರಜತ ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಣ ಗೋಷ್ಠಿಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

ಹಿಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿರುವ ಮಕ್ಕಳೇ,

ಮಕ್ಕಳು ಒಮ್ಮೆ ತಲೆ ಎತ್ತಿದ್ದು ಕಂಡಿತು, ಸಂತೋಷ. ಇನ್ನು ಬೇಕಾದರೆ ನೋಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಇವತ್ತು ನನಗೆ ಕೊಟ್ಟ ವಿಷಯವೇ ಅದು. ಹುಟ್ಟುವಾಗಲೇ ಮನೆಯಲ್ಲಿ ಮೊಬೈಲು ಇದ್ದ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂದು ಮಾತಾಡಬೇಕು ಅಂತ ಕಾರ್ಯದರ್ಶಿಗಳು ಹೇಳಿದರು. ನಾನು ಮೂವತ್ತೆರಡು ವರ್ಷ ಗಣಿತ, ವಿಜ್ಞಾನ ಹೇಳಿದವನು. ಬಹುಕಾಲ ಕಾರ್ಕಳ ತಾಲೂಕಿನಲ್ಲಿ, ಕೊನೆಯ ಕೆಲವು ವರ್ಷ ಕಾಪುವಿನ ಕಡಲ ಬದಿಯ ಒಂದು ಶಾಲೆಯಲ್ಲಿ. ಸಮಾಜ ಪಾಠದವರು ರಜೆ ಹಾಕಿದರೆ ಅದನ್ನೂ ಹೇಳಿದ್ದೇನೆ. 2022ರಲ್ಲಿ ನಿವೃತ್ತನಾದೆ. ಅಂದರೆ ಸ್ಲೇಟಿನ ಮಕ್ಕಳನ್ನೂ ನೋಡಿದ್ದೇನೆ, ಸ್ಕ್ರೀನಿನ ಮಕ್ಕಳನ್ನೂ ನೋಡಿದ್ದೇನೆ. ಆದ ಕಾರಣ ನನ್ನ ಮಾತಿನಲ್ಲಿ ಪುಸ್ತಕದ್ದು ಕಡಿಮೆ, ಕಂಡದ್ದು ಹೆಚ್ಚು ಇರುತ್ತದೆ.

ಅಮೆರಿಕದ ಮಾರ್ಕ್ ಪ್ರೆನ್ಸ್ಕಿ ಎಂಬವರು 2001ರಲ್ಲಿ ಒಂದು ಲೇಖನ ಬರೆದರು. ಕಂಪ್ಯೂಟರು, ವಿಡಿಯೋ ಗೇಮು, ಮೊಬೈಲುಗಳ ನಡುವೆ ಹುಟ್ಟಿ ಬೆಳೆದ ಮಕ್ಕಳು ಡಿಜಿಟಲ್ ಲೋಕದ ಹುಟ್ಟು ನಿವಾಸಿಗಳು, ನಮ್ಮಂಥ ಮೇಷ್ಟ್ರುಗಳು ಅಲ್ಲಿಗೆ ವಲಸೆ ಹೋದವರು ಅಂತ ಅವರ ವಾದ. ವಲಸೆ ಹೋದವನು ಎಷ್ಟೇ ಕಲಿತರೂ ಮಾತಿನಲ್ಲಿ ಊರಿನ ಧಾಟಿ ಉಳಿಯುತ್ತದೆ ಎಂದೂ ಹೇಳಿದರು. ಈ ಮಾತು ನಮಗೆ ಬೇಗ ಅರ್ಥವಾಗುತ್ತದೆ. ಮುಂಬಯಿಗೆ ಹೋಗಿ ಹೋಟೆಲು ನಡೆಸಿದ ನಮ್ಮವರು ಎಷ್ಟು ಮಂದಿ! ಅವರ ಮರಾಠಿಯಲ್ಲಿ ತುಳುವಿನ ರಾಗ ಹೋಗುವುದಿಲ್ಲ. ಅಲ್ಲೇ ಹುಟ್ಟಿದ ಅವರ ಮಕ್ಕಳು ನೀರು ಕುಡಿದ ಹಾಗೆ ಮರಾಠಿ ಮಾತಾಡುತ್ತಾರೆ. ಆದರೆ ಮಾರಾಯ್ರೆ, ನೀರು ಕುಡಿದ ಹಾಗೆ ಮಾತಾಡುವವನಿಗೆ ವ್ಯಾಕರಣ ಗೊತ್ತು ಅಂತ ಲೆಕ್ಕವಾ? ಪ್ರೆನ್ಸ್ಕಿಯವರ ಮಾತಿನಲ್ಲಿ ನನಗೆ ಒಪ್ಪಿಗೆಯಾಗದ್ದು ಇಷ್ಟೇ. ಮಕ್ಕಳ ಬೆರಳು ಚುರುಕು ಎಂಬುದನ್ನು ನೋಡಿ ನಾವು ಅವರಿಗೆ ಎಲ್ಲಾ ಗೊತ್ತುಂಟು ಅಂದುಕೊಂಡೆವು. ಅಂದುಕೊಂಡು ಕೈ ಬಿಟ್ಟೆವು.

ಕಾರ್ಕಳದಲ್ಲಿದ್ದಾಗಿನ ಒಂದು ಸಂಗತಿ ಹೇಳುತ್ತೇನೆ. ಹತ್ತನೇ ತರಗತಿಗೆ ತ್ರಿಕೋನಮಿತಿ ಪಾಠ. ಗೊಮ್ಮಟ ಬೆಟ್ಟ ಕಣ್ಣೆದುರಿಗೆ ಇರುವಾಗ ಪುಸ್ತಕದ ಗೋಪುರ ಯಾಕೆ ಅಂತ ಒಂದು ಶನಿವಾರ ಮಕ್ಕಳನ್ನು ಮೇಲೆ ಕರೆದುಕೊಂಡು ಹೋದೆ. 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದ ಮೂರ್ತಿ. ಎತ್ತರ ಎಷ್ಟು ಅಂತ ಕೇಳಿದೆ. ಶಿಕ್ಷಕಿಯೊಬ್ಬರು ತಮ್ಮ ಫೋನನ್ನು ಮಕ್ಕಳ ಕೈಗೆ ಕೊಟ್ಟರು. ಒಬ್ಬ 42 ಅಡಿ ಅಂದ. ಇನ್ನೊಬ್ಬಳು ಬೇರೆ ಕಡೆ ನೋಡಿ 41 ಅಡಿ 5 ಇಂಚು ಅಂದಳು. ಮತ್ತೊಬ್ಬ 45 ಅಂದ. ಯಾವುದು ಸರಿ? "ಮೊದಲು ಬಂದದ್ದೇ ಸರಿ ಸಾರ್" ಅಂತ ಒಂದು ಗುಂಪು. "ಮೂರನ್ನೂ ಕೂಡಿಸಿ ಭಾಗಿಸುವ" ಅಂತ ಇನ್ನೊಂದು ಗುಂಪು. ಅಳೆಯುವ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಮೂರ್ತಿ ಎದುರಿಗೇ ನಿಂತಿತ್ತು!

ಕೋನಮಾಪಕಕ್ಕೆ ನೂಲು ಕಟ್ಟಿ, ನೂಲಿಗೆ ಕಲ್ಲು ಕಟ್ಟಿ, ಸಿಕ್ಕಿದಷ್ಟು ಜಾಗದಲ್ಲಿ ಹಿಂದೆ ಸರಿದು, ತಲೆಯ ತುದಿಗೆ ಕಣ್ಣು ಹಿಡಿದು ಕೋನ ನೋಡಿದರು. ಬುಡದಿಂದ ದೂರ ಅಳೆದರು. ಒಂದು ತಂಡಕ್ಕೆ 38 ಅಡಿ ಬಂತು, ಒಂದಕ್ಕೆ 41, ಒಂದಕ್ಕೆ 46. ಆಗ ಶುರುವಾಯಿತು ನೋಡಿ ಜಗಳ! 38 ಬಂದವರು ತಮ್ಮ ಕಣ್ಣಿನ ಎತ್ತರವನ್ನು ಕೂಡಿಸಲು ಮರೆತಿದ್ದರು. 46 ಬಂದವರು ಕೆಳಗಿನ ಪೀಠವನ್ನೂ ಸೇರಿಸಿ ಅಳೆದಿದ್ದರು. ಫೋನಿನಲ್ಲಿ ಬೇರೆ ಬೇರೆ ಉತ್ತರ ಯಾಕೆ ಇರಬಹುದು ಅಂತ ಆಗ ಒಬ್ಬಳಿಗೆ ಹೊಳೆಯಿತು. "ಎಲ್ಲಿಂದ ಎಲ್ಲಿಗೆ ಅಂತ ಯಾರೂ ಬರೆಯಲಿಲ್ಲ ಸಾರ್" ಅಂದಳು. ನನ್ನ ಸರ್ವಿಸಿನಲ್ಲಿ ಕೇಳಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಆ ದಿನ ಕೋನ ನೋಡಲು ಮೊಬೈಲಿನಲ್ಲಿಯೂ ಒಂದು ಉಪಾಯ ಉಂಟು ಅಂತ ತೋರಿಸಿಕೊಟ್ಟವಳೂ ಅವಳೇ. ನೂಲು ಕಲ್ಲಿನದ್ದಕ್ಕಿಂತ ಅದೇ ಸರಿಯಾಗಿ ತೋರಿಸಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಹೀಗೆ ನಂಬುವುದು ಮೊಬೈಲಿನಿಂದ ಹುಟ್ಟಿದ ದೋಷ ಅಂತ ಯಾರಾದರೂ ಹೇಳಿದರೆ ಅವರಿಗೆ ನಂದಳಿಕೆಯ ಕಥೆ ನೆನಪಿಸಬೇಕು. ಇದೇ ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ. ಉಡುಪಿಯಲ್ಲಿ ಡ್ರಿಲ್ ಮಾಸ್ಟರಾಗಿದ್ದವರು. ತಾವೇ ಬರೆದ ಕಾವ್ಯವನ್ನು ಯಾವುದೋ ಹಳೆಯ ಕಾಲದ ಪ್ರತಿ ಅಂತ ಮೈಸೂರಿನ ಕಡೆಯ ಪತ್ರಿಕೆಗೆ ಕಳಿಸಿದರು. ಹಳಗನ್ನಡದ ವೇಷ ನೋಡಿ ವಿದ್ವಾಂಸರೂ ನಂಬಿದರು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ಅವರು ತೀರಿಕೊಂಡರು. ಗುಟ್ಟು ಲೋಕಕ್ಕೆ ತಿಳಿದದ್ದು ಆಮೇಲೆ. ಡ್ರಿಲ್ ಮಾಸ್ಟರು ಬರೆದದ್ದು ಅಂದರೆ ಯಾರು ಓದುತ್ತಾರೆ ಎಂಬ ಸಂಕೋಚ ಪಾಪ ಅವರದ್ದಿರಬೇಕು. ಆ ಕಾವ್ಯ ಚಿನ್ನ, ಆದ್ದರಿಂದ ನಷ್ಟವಾಗಲಿಲ್ಲ. ಈಗ ವಾಟ್ಸಾಪಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬರುವುದು ಚಿನ್ನವಲ್ಲ. ಅದನ್ನು ನಂಬಿ ಮುಂದೆ ದಾಟಿಸುವವರು ಮಕ್ಕಳಲ್ಲ ಸ್ವಾಮೀ, ನಾವು, ಅರುವತ್ತು ದಾಟಿದವರು. ನಮ್ಮ ಮನೆಯಲ್ಲಿ ನಾನೇ.

ಇನ್ನು ಕನ್ನಡದ ವಿಷಯ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾಯರ ಹೆಸರು ನೀವು ಕೇಳಿರಬಹುದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೀಲಿಮಣೆಯ ಕ್ರಮ ಹಾಕಿಕೊಟ್ಟವರು. ಸರಕಾರ ಒಪ್ಪಿದ ಕೀಲಿಮಣೆಗೂ ಅದೇ ತಳಹದಿ. ಅವರು 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿದರು, ನಮ್ಮ ಜಿಲ್ಲೆಗಳ ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ. ಅದನ್ನು ಮಾರಲಿಲ್ಲ, ಎಲ್ಲರಿಗೂ ಧರ್ಮಕ್ಕೆ ಕೊಟ್ಟರು. ಆ ಕ್ರಮದಲ್ಲಿ 'ಅಮ್ಮ' ಅಂತ ಬರೆಯಬೇಕಾದರೆ ಅ ಒತ್ತಬೇಕು, ಮ ಒತ್ತಬೇಕು, ಒತ್ತಕ್ಷರಕ್ಕೆ ಎಫ್ ಎಂಬ ಕೀಲಿ, ಮತ್ತೆ ಮ. ಒತ್ತು ಎಲ್ಲಿ ಕೂತುಕೊಳ್ಳಬೇಕು, ಯಾವ ಆಕಾರದಲ್ಲಿ ಎಂಬುದನ್ನು ಯಂತ್ರ ನೋಡಿಕೊಳ್ಳುತ್ತದೆ. ಆದರೆ ಶಬ್ದವನ್ನು ಬಿಡಿಸುವ ಕೆಲಸ ನಿಮ್ಮದು. ಕಾಗುಣಿತ ಬಾರದವನಿಗೆ ಅದರಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ಒತ್ತಕ್ಷರದಲ್ಲಿ ಸೋಲುತ್ತಿದ್ದ ಏಳೆಂಟು ಮಕ್ಕಳನ್ನು ನಾನು ಒಂದು ತಿಂಗಳು ಶಾಲೆಯ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ಕಾಪಿ ಪುಸ್ತಕದಲ್ಲಿ ಬಾರದ್ದು ಅಲ್ಲಿ ಬಂತು. 'ವಿಜ್ಞಾನ' ಶಬ್ದದೊಳಗೆ ಜ ಮತ್ತು ಞ ಇರುವುದನ್ನು ಅವರು ಕೈಯಲ್ಲಿ ಮುಟ್ಟಿ ನೋಡಿದ ಹಾಗೆ ಆಯಿತು. ಈಗ ಅದೇ ಮಕ್ಕಳ ತಮ್ಮ ತಂಗಿಯರು ಫೋನಿಗೆ ಬಾಯಲ್ಲಿ ಹೇಳುತ್ತಾರೆ, ಅದು ಬರೆಯುತ್ತದೆ. ಇಲ್ಲವಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಅನುಕೂಲ ಹೌದು, ಕಲಿಕೆ ಅಲ್ಲ. ಎರಡೂ ಯಂತ್ರವೇ. ಒಂದರಲ್ಲಿ ಮಗುವಿಗೆ ಕೆಲಸ ಉಂಟು, ಇನ್ನೊಂದರಲ್ಲಿ ಇಲ್ಲ. ಯಂತ್ರ ಬೇಕಾ ಬೇಡವಾ ಅಂತ ಚರ್ಚೆ ಮಾಡುವವರು ಈ ವ್ಯತ್ಯಾಸವನ್ನು ನೋಡುವುದು ಕಡಿಮೆ.

ಸ್ವೀಡನ್ ದೇಶದವರು ಶಾಲೆಗೆಲ್ಲ ಕಂಪ್ಯೂಟರು ತುಂಬಿಸಿದವರು. 2023ರಲ್ಲಿ ಅವರ ಸರಕಾರವೇ ಅಚ್ಚಿನ ಪಠ್ಯಪುಸ್ತಕಗಳಿಗೆ ಮತ್ತೆ ಹಣ ಕೊಡಲು ಹೊರಟಿತು. ಆ ಸುದ್ದಿ ಬಂದಾಗ ನನ್ನ ಕೆಲವು ಮಿತ್ರರು "ನೋಡಿ, ನಾವು ಹೇಳಿದ್ದೇ ಆಯಿತು" ಅಂದರು. ನಾವು ಎಂತ ಹೇಳಿದ್ದೆವು? ನಾವು ಹೇಳಿದ್ದು, ಮೊಬೈಲ್ ಕಿತ್ತುಕೊಳ್ಳಿ ಅಂತ. ಕಿತ್ತುಕೊಂಡ ಮೇಲೆ ಕೈಗೆ ಎಂತ ಕೊಡಬೇಕು ಅಂತ ಹೇಳಲಿಲ್ಲ. ಪುಸ್ತಕ ಕೊಡುವ ಅಂದರೆ ಎಷ್ಟು ಮನೆಯಲ್ಲಿ ಪಠ್ಯಪುಸ್ತಕ ಅಲ್ಲದ ಪುಸ್ತಕ ಉಂಟು, ಕೈ ಎತ್ತಿ ನೋಡುವ. (ನಾಲ್ಕೈದು ಕೈ ಎದ್ದವು.) ಸರಿ, ಆ ಮಾತು ಇನ್ನೊಂದು ದಿನಕ್ಕೆ.

ಕೊರೋನಾದ ವರ್ಷಕ್ಕೆ ಬರುತ್ತೇನೆ. 2020ರ ಮಾರ್ಚ್ ಕೊನೆಗೆ ಎಲ್ಲ ಮುಚ್ಚಿತು. ಮಳೆಗಾಲದಲ್ಲಿ ಪಾಠ ಮೊಬೈಲಿಗೆ ಬಂತು. ಜೀವಮಾನವಿಡೀ ತರಗತಿಯಲ್ಲಿ ಮೊಬೈಲು ಹಿಡಿದರೆ ಬಯ್ದ ನಾವೇ, ಮೊಬೈಲು ಹಿಡಿಯದಿದ್ದರೆ ಬಯ್ಯಲಿಕ್ಕೆ ಶುರು ಮಾಡಿದೆವು. ಸುಳ್ಯದ ಕಡೆ ಒಬ್ಬ ತಂದೆ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ನಿಂತದ್ದು, ಕೊಡೆಯ ಅಡಿಯಲ್ಲಿ ಮಗಳು ಕೂತು ಪಾಠ ಕೇಳಿದ್ದು, 2021ರ ಜೂನ್ ತಿಂಗಳಲ್ಲಿ ಆ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ನೆಟ್‌ವರ್ಕ್ ಇರುವ ಜಾಗ ಅದೊಂದೇ. ಆ ಚಿತ್ರ ನೋಡಿ ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ. ಯಾಕೆಂದರೆ ಅದಕ್ಕೆ ಒಂಬತ್ತು ತಿಂಗಳ ಹಿಂದೆ ನಾನೊಂದು ತಪ್ಪು ಮಾಡಿದ್ದೆ.

ನಮ್ಮ ತರಗತಿಗೆ ಒಂದು ವಾಟ್ಸಾಪ್ ಗುಂಪು ಮಾಡಿದ್ದೆ. ನಲವತ್ತೆರಡು ಮನೆಯ ನಂಬರು. ದಿನವೂ ಐದು ಲೆಕ್ಕ ಹಾಕುವುದು, ಮಕ್ಕಳು ಬಿಡಿಸಿ ಫೋಟೋ ಕಳಿಸುವುದು. ಕಡಲ ಬದಿಯ ಒಬ್ಬ ಹುಡುಗನದ್ದು ಹತ್ತು ದಿನ ಏನೂ ಬರಲಿಲ್ಲ. ಆಮೇಲೆ ಎರಡು ದಿನ ಒಟ್ಟಿಗೆ ಬಂತು, ಮತ್ತೆ ಇಲ್ಲ. ನನಗೆ ಸಿಟ್ಟು ಬಂತು. "ಕೆಲವರಿಗೆ ಮೊಬೈಲಿನಲ್ಲಿ ಆಟ ಆಡ್ಲಿಕ್ಕೆ ಪುರುಸೊತ್ತು ಉಂಟು, ಲೆಕ್ಕ ಮಾಡ್ಲಿಕ್ಕೆ ಇಲ್ಲ" ಅಂತ ಅವನ ಹೆಸರು ಹಾಕಿ ಗುಂಪಿನಲ್ಲಿ ಬರೆದೆ. ನಲವತ್ತೆರಡು ಮನೆಯವರೂ ಓದಿದರು.

ಆ ಹೊತ್ತಿಗೆ ಸರಕಾರ 'ವಿದ್ಯಾಗಮ' ಅಂತ ಮಾಡಿತ್ತು, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗುವ ಕಾರ್ಯಕ್ರಮ. 2020ರ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತು ಹೋಯಿತು. ಅದರಲ್ಲಿ ನಾನು ಆ ಹುಡುಗನ ಮನೆಗೆ ಹೋದೆ. ದೀಪಸ್ತಂಭ ಕಾಣುವಷ್ಟು ಹತ್ತಿರದ ಮನೆ. ತಾಯಿ ಹೊರಗೆ ಬಂದರು. ಮನೆಯಲ್ಲಿ ಇರುವುದು ಒಂದೇ ಫೋನು. ಮಳೆಗಾಲದ ರಜೆ ಮುಗಿದು ಬೋಟು ಕಡಲಿಗೆ ಇಳಿದಿತ್ತು. ತಂದೆ ಮಲ್ಪೆಯ ಆಳಕಡಲಿನ ಬೋಟಿನಲ್ಲಿ. ಹೋದರೆ ಎಂಟು ದಿನ, ಹತ್ತು ದಿನ. ಫೋನು ಅವರ ಕಿಸೆಯಲ್ಲಿ, ಅವರು ಕಡಲಿನಲ್ಲಿ. ಬೋಟು ದಡಕ್ಕೆ ಬಂದ ಎರಡು ದಿನ ಮಾತ್ರ ಹುಡುಗನಿಗೆ ಶಾಲೆ.

ಹುಡುಗ ಒಳಗಿನಿಂದ ಪುಸ್ತಕ ತಂದ. ನಾನು ಹಾಕಿದ ಲೆಕ್ಕಗಳನ್ನೆಲ್ಲ ನೆರೆಮನೆಯ ಫೋನು ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ. ಎಲ್ಲವನ್ನೂ ಬಿಡಿಸಿದ್ದ. ಅವರ ಫೋನಿನಿಂದ ಫೋಟೋ ಕಳಿಸಿ ಅಂತ ಕೇಳಲಿಕ್ಕೆ ನಾಚಿಕೆಯಾಗಿ ಕೇಳಿರಲಿಲ್ಲ. ಗುಂಪಿನಲ್ಲಿ ನಾನು ಬರೆದದ್ದನ್ನು ಅವನೂ ಆ ನೆರೆಮನೆಯ ಫೋನಿನಲ್ಲೇ ಓದಿದ್ದ. ನೆರೆಯವರ ಎದುರೇ.

ಅವನ ಹತ್ತಿರ ತಪ್ಪಾಯಿತು ಅಂತ ಹೇಳಿದೆ. ತಾಯಿ "ಅದೆಲ್ಲ ಎಂತ ಸಾರ್" ಅಂತ ಚಾ ಕೊಟ್ಟರು. ಆದರೆ ಗುಂಪಿನಲ್ಲಿ ಬರೆದದ್ದನ್ನು ಗುಂಪಿನಲ್ಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ಮೇಷ್ಟ್ರು ಅಂದ ಮೇಲೆ ನಲವತ್ತೆರಡು ಮನೆಯವರ ಮುಂದೆ ತಪ್ಪಾಯಿತು ಎನ್ನುವುದು ಹೇಗೆ ಎಂಬ ಒಣ ಜಂಬ. ಈ ಸಭೆಯಲ್ಲಿ ಈಗ ಹೇಳುತ್ತಿದ್ದೇನೆ. ಸಂಚಿಕೆಯಲ್ಲಿ ಅಚ್ಚಾಗಲಿ ಅಂತಲೇ ಹೇಳುತ್ತಿದ್ದೇನೆ. ಹುಟ್ಟು ನಿವಾಸಿಗಳು ಅಂತ ಅಮೆರಿಕದವರು ಹೇಳಿದ ಮಕ್ಕಳಲ್ಲಿ ಇಂಥವರೂ ಇದ್ದಾರೆ. ಕಾಲ ಡಿಜಿಟಲ್ ಆಗಿರಬಹುದು, ಮನೆಗೆ ಬಂದ ಫೋನು ಅರ್ಧ.

ಅದೇ ದಿನ ಆ ಹುಡುಗ ನನಗೊಂದು ಪಾಠ ಹೇಳಿದ. ಅವನ ತಂದೆಯ ಹತ್ತಿರ ಒಂದು ಸಣ್ಣ ನೋಟು ಪುಸ್ತಕ. ಬಲೆ ಎಲ್ಲಿ ಬಿಡಬೇಕು, ಕಲ್ಲು ಎಲ್ಲಿ ಉಂಟು ಎಂಬುದೆಲ್ಲ ಅದರಲ್ಲಿ ನಂಬರಿನಲ್ಲಿ. ಬೋಟಿನ ಜಿಪಿಎಸ್ ಯಂತ್ರದಲ್ಲಿ ಕಂಡ ನಂಬರುಗಳು. 13 ಡಿಗ್ರಿ ಇಷ್ಟು ಮಿನಿಟು, 74 ಡಿಗ್ರಿ ಇಷ್ಟು ಮಿನಿಟು. ಅಕ್ಷಾಂಶ, ರೇಖಾಂಶ! ಪ್ಲಾಸ್ಟಿಕ್ ಗೋಳ ತಿರುಗಿಸಿ ಎಷ್ಟೋ ವರ್ಷ ಅದನ್ನು ಪಾಠ ಹೇಳಿದ ನಾನು ಒಂದು ದಿನವಾದರೂ ಅದನ್ನು ಉಪಯೋಗಿಸಿದವನಲ್ಲ. ಉತ್ತರಕ್ಕೆ ಒಂದು ಮಿನಿಟು ಹೋದರೆ ಒಂದು ಕಡಲ ಮೈಲು ಅಂತ ಹುಡುಗನಿಗೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತು ಲೆಕ್ಕ ಮಾಡಿದೆವು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಸುತ್ತು 360 ಡಿಗ್ರಿ, ಡಿಗ್ರಿಗೆ 60 ಮಿನಿಟು, ಒಟ್ಟು 21,600. ಭಾಗಿಸಿದರೆ 1.852 ಕಿಲೋಮೀಟರು. ಅದೇ ಕಡಲ ಮೈಲು. ಅವನ ಮುಖ ನೋಡಬೇಕಿತ್ತು. ಆಮೇಲೆ ಅವನೇ ಕೇಳಿದ, ಪಡುವಣಕ್ಕೆ ಹೋದರೆ ಯಾಕೆ ಸ್ವಲ್ಪ ಕಡಿಮೆ ಬರುತ್ತದೆ ಅಂತ. ಭೂಮಿ ಚೆಂಡು, ಮೇಲೆ ಹೋದ ಹಾಗೆ ಅಡ್ಡ ಸುತ್ತು ಸಣ್ಣದಾಗುತ್ತದೆ, ನಮ್ಮ ಕಾಪುವಿನಲ್ಲಿ ಅದು 1.8 ಅಂತ ಕೊಸೈನ್ ಪಟ್ಟಿ ನೋಡಿ ತೋರಿಸಿದೆ. ಯಂತ್ರ ಅವನ ಮನೆಯದ್ದು, ಲೆಕ್ಕ ನನ್ನದು. ಅದಕ್ಕಿಂತ ಒಳ್ಳೆಯ ತರಗತಿ ನಾನು ಕಟ್ಟಡದೊಳಗೆ ಮಾಡಿದ ನೆನಪಿಲ್ಲ. ಆ ಹುಡುಗ ಡಿಪ್ಲೊಮಾ ಮುಗಿಸಿ ಈಗ ಮಣಿಪಾಲದಲ್ಲಿ ಕೆಲಸಕ್ಕೆ ಹೋಗುತ್ತಾನೆ.

ಈಗ ನಮ್ಮ ಸಂಘದ ಬಾಗಿಲಿಗೆ ಬರುವ. ಮೊದಲು ಹಾಲಿನ ಜಿಡ್ಡು ನೋಡುತ್ತಿದ್ದದ್ದು ಗಾಜಿನ ನಳಿಗೆಯಲ್ಲಿ, ಗಂಧಕಾಮ್ಲ ಹಾಕಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ. ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಮೇಲೆ ತೇಲಿ ಬಂದ ಹಳದಿ ಜಿಡ್ಡು ಕಣ್ಣಿಗೆ ಕಾಣುತ್ತಿತ್ತು. ಈಗ ಒಂದು ಮಿನಿಟಿನಲ್ಲಿ ನಂಬರು ಬರುತ್ತದೆ, ಚೀಟಿ ಬರುತ್ತದೆ. ಒಳ್ಳೆಯದೇ, ಆಮ್ಲದಿಂದ ಕೈ ಸುಡುವುದು ತಪ್ಪಿತು. ಚೀಟಿಯನ್ನು ಮಾತ್ರ ಎಲ್ಲರೂ ಕಿಸೆಗೆ ಹಾಕುತ್ತೇವೆ. ನಮ್ಮ ನೆರೆಮನೆಯ ಎಂಟನೇ ತರಗತಿಯ ಹುಡುಗಿಗೆ ನಾನೊಂದು ಕೆಲಸ ಹೇಳಿದೆ. ಒಂದು ತಿಂಗಳ ಚೀಟಿ ಕೂಡಿಸಿಡು, ಮೊಬೈಲಿನಲ್ಲಿ ಅದರ ನಕ್ಷೆ ತೆಗೆ. ಅರುವತ್ತು ಚೀಟಿ. ನಕ್ಷೆಯಲ್ಲಿ ಗರಗಸದ ಹಲ್ಲಿನ ಹಾಗೆ ಗೆರೆ ಬಂತು. ಬೆಳಿಗ್ಗೆ ಜಿಡ್ಡು 3.6ರ ಆಸುಪಾಸು, ಸಂಜೆ 4ರ ಮೇಲೆ. ದಿನವೂ ಹಾಗೆಯೇ. ದನ ಒಂದೇ, ಹುಲ್ಲು ಒಂದೇ, ಯಾಕೆ ಹೀಗೆ?

ಹುಡುಗಿ ಮೊದಲು ಚಾಟ್‌ಜಿಪಿಟಿಯನ್ನು ಕೇಳಿದಳು. ತಳಿ, ಮೇವು, ಹವೆ, ಕರು ಹಾಕಿ ಎಷ್ಟು ತಿಂಗಳಾಯಿತು ಎಂಬುದು, ಹೀಗೆ ಉದ್ದದ ಉತ್ತರ ಬಂತು. ಯಾವುದೂ ಸುಳ್ಳಲ್ಲ. ಅವಳ ದನ ಮಾತ್ರ ಅದರಲ್ಲಿರಲಿಲ್ಲ. ಅಜ್ಜಿ ಒಲೆಯ ಬುಡದಲ್ಲಿ ಕೂತಲ್ಲಿಂದಲೇ ಹೇಳಿದರಂತೆ. "ಸಂಜೆ ಮೂರುವರೆಗೆ ಕರೆದರೆ ಮತ್ತೆ ಬೆಳಿಗ್ಗೆ ಐದುವರೆಗೆ. ಹದಿನಾಲ್ಕು ಗಂಟೆ ಕೂಡಿದ ಹಾಲು ಜಾಸ್ತಿ, ಆದರೆ ತೆಳು. ಹಗಲಿನದ್ದು ಹತ್ತೇ ಗಂಟೆ, ಸ್ವಲ್ಪ, ದಪ್ಪ." ಮತ್ತೆ ಅಜ್ಜಿಯದೇ ಇನ್ನೊಂದು ಮಾತು, ಕರೆಯುವಾಗ ಮೊದಲಿನ ಹಾಲು ನೀರು, ಕೊನೆಯದ್ದು ತುಪ್ಪ. ಹುಡುಗಿ ಅದನ್ನೂ ಬಿಡಲಿಲ್ಲ. ಮೊದಲಿನದ್ದು ಒಂದು ಲೋಟ, ಕೊನೆಯದ್ದು ಒಂದು ಲೋಟ ತಂದು ಕಾರ್ಯದರ್ಶಿಗಳ ಹತ್ತಿರ ಯಂತ್ರಕ್ಕೆ ಇಡಿಸಿದಳು. ಎರಡಕ್ಕೂ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಅಜ್ಜಿಗೆ ನಂಬರು ಓದಿ ಹೇಳಿದಾಗ "ಇದಕ್ಕೆ ಯಂತ್ರ ಬೇಕಿತ್ತಾ" ಅಂದರಂತೆ. ಬೇಕಿತ್ತು ಅಂತ ನನ್ನ ಅಭಿಪ್ರಾಯ. ಅಜ್ಜಿ ಐವತ್ತು ವರ್ಷ ಹೇಳಿದರೂ ಕೇಳದ ಮೊಮ್ಮಗಳು ಅವತ್ತು ಕೇಳಿದಳು. (ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಬರುವ ಸದಸ್ಯರು ಇಲ್ಲಿದ್ದರೆ ಇದನ್ನು ಗಮನಿಸಬೇಕು. ನಿಮ್ಮ ಫ್ಯಾಟು ಕೆಚ್ಚಲಲ್ಲೇ ಉಳಿಯುತ್ತದೆ. ಆಮೇಲೆ ಯಂತ್ರಕ್ಕೆ ಬಯ್ಯುತ್ತೀರಿ.)

ಸಂಘದವರಲ್ಲಿ ನನ್ನದೊಂದು ಕೇಳಿಕೆ ಉಂಟು. ಕಂಪ್ಯೂಟರು ಬಂದ ಮೇಲೆ ಹಳೆಯ ರಿಜಿಸ್ಟರುಗಳು ಒಳಗಿನ ಕಪಾಟಿನಲ್ಲಿ ಬಿದ್ದಿವೆ, ಒಂದೆರಡಕ್ಕೆ ಗೆದ್ದಲು ಹಿಡಿದದ್ದನ್ನು ನಾನೇ ನೋಡಿದೆ. ಇಪ್ಪತ್ತೈದು ವರ್ಷದ ಹಾಲು, ದರ, ಮಳೆಗಾಲ, ಬೇಸಗೆ ಎಲ್ಲ ಅದರಲ್ಲಿ ಉಂಟು. ಯಾವ ಫೋನಿನಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ, ಯಾಕೆಂದರೆ ಯಾರೂ ಹಾಕಲಿಲ್ಲ. ಸದಸ್ಯರ ಲೆಕ್ಕ ಗುಟ್ಟಿನದ್ದು, ಹೆಸರು ಬೇಡ. ತಿಂಗಳ ಒಟ್ಟು ಹಾಲು, ಸರಾಸರಿ ಜಿಡ್ಡು, ಲೀಟರಿನ ದರ, ಇಷ್ಟು ಸಾಕು. ಶನಿವಾರ ಮಧ್ಯಾಹ್ನದ ಮೇಲೆ ಸಂಘದ ಕಂಪ್ಯೂಟರು ಖಾಲಿ ಇರುತ್ತದೆ. ಆರು ಮಕ್ಕಳನ್ನು ನಾನು ಕರೆದುಕೊಂಡು ಬರುತ್ತೇನೆ. ಅವರು ಕನ್ನಡದಲ್ಲೇ ಟೈಪು ಮಾಡಲಿ. ಕಾರ್ಯದರ್ಶಿಗಳು ಬೀಗದ ಕೈ ಕೊಟ್ಟರೆ ಆಯಿತು, ಚಾ ನಾನು ತರುತ್ತೇನೆ.

ಚೌಕಿಯಲ್ಲಿ ಬಣ್ಣ ಹಚ್ಚಿ ಕೂತವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ, ಚೆಂಡೆಯವರು ಎರಡು ಸಲ ಪೆಟ್ಟು ಹಾಕಿ ನೋಡಿಯೂ ಆಯಿತು. ಸಂಚಿಕೆಯ ಒಂದು ಪ್ರತಿ ನನಗೆ ಹೆಚ್ಚು ಬೇಕು, ಮಣಿಪಾಲಕ್ಕೆ ಕಳಿಸಲಿಕ್ಕುಂಟು.